ಅವ್ವ ಒಂದು ಒತ್ತಿದಳು

ನಮ್ಮ ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಿದ್ದವಳು ಒಬ್ಬಳೇ. ಅವಳೂ ಮನುಷ್ಯಳಲ್ಲ, ಹೊಲದ ಬೋರ್‌ವೆಲ್ಲಿನ ಮೋಟಾರು. “ನಮಸ್ಕಾರ. ಮೂರು ಫೇಸ್ ವಿದ್ಯುತ್ ಲಭ್ಯವಿದೆ. ಮೋಟಾರ್ ಚಾಲನೆಗೆ ಒಂದನ್ನು ಒತ್ತಿ” ಎಂದು ಫೋನಿನಲ್ಲಿ ಬಲು ನಯವಾಗಿ ಹೇಳುತ್ತಿದ್ದಳು. ‘ಐತಿ’, ‘ಬಂದೈತಿ’ ಎನ್ನುವ ನಮ್ಮಲ್ಲಿ ‘ಲಭ್ಯವಿದೆ’ ಎನ್ನುವ ಬೇರೆ ಬಾಯಿ ಇರಲಿಲ್ಲ. ಅವ್ವ ಅವಳಿಗೆ ಮೋಟ್ರಿನಾಕಿ ಎಂದು ಹೆಸರಿಟ್ಟಿದ್ದಳು.

ಇದು ಕೀಪ್ಯಾಡ್ ಫೋನುಗಳ ಕಾಲದ ಮಾತು. ಈಗಿನ ಹಾಗೆ ತಿಂಗಳಿಗೊಮ್ಮೆ ಪ್ಯಾಕ್ ಹಾಕಿಸಿ ಬೇಕಾದಷ್ಟು ಹರಟುವಂತಿರಲಿಲ್ಲ. ಫೋನಿಗೆ ಕರೆನ್ಸಿ ಹಾಕಿಸಬೇಕು, ಅದು ಮುಗಿದರೆ ಫೋನು ಇದ್ದೂ ಇಲ್ಲದ ಹಾಗೆ.

ನಮ್ಮೂರು ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿದೆ. ನಾನು ಆಗ ಗಂಗಾವತಿಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತ ಅಲ್ಲೇ ಒಂದು ಖೋಲಿ ಹಿಡಿದುಕೊಂಡು ಇದ್ದೆ. ಅಲ್ಲಿಯವರಿಗೆ ಮೋಟ್ರಿನಾಕಿಯ ಸಂಗತಿ ಹೇಳಿದರೆ ನಗುತ್ತಿದ್ದರು. ಅವರದು ಕಾಲುವೆ ನೀರು, ಗದ್ದೆಗೆ ತಾನಾಗಿ ಹರಿದು ಬರುತ್ತದೆ. ನಮ್ಮ ಕಡೆ ನೀರು ನೆಲದ ಹೊಟ್ಟೆಯಲ್ಲಿ. ಮೂರು ಫೇಸ್ ಕರೆಂಟು ಬಂದಾಗಲೇ ಅದನ್ನು ಮೇಲೆತ್ತಬೇಕು. ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಹೇಳುವವರಿಲ್ಲ. ಬಂದಿದೆ ಎಂದು ಸುದ್ದಿ ತಿಳಿದು ಊರಿಂದ ಹೊಲಕ್ಕೆ ನಡೆದು ಮುಟ್ಟುವುದರೊಳಗೆ ಹೋಗಿಬಿಟ್ಟಿರುತ್ತಿತ್ತು.

ಅದಕ್ಕೇ ಅಪ್ಪ ಕೊಪ್ಪಳದಿಂದ ಮೆಕ್ಯಾನಿಕ್ ಕರೆಸಿ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ. ಅದೊಂದು ಪೆಟ್ಟಿಗೆ, ಒಳಗೊಂದು ಸಿಮ್. ಕರೆಂಟು ಬಂದ ಕೂಡಲೇ ಪೆಟ್ಟಿಗೆಯೇ ನಮಗೆ ಫೋನ್ ಮಾಡುತ್ತದೆ. ಎತ್ತಿ ಒಂದನ್ನು ಒತ್ತಿದರೆ ಮೋಟಾರು ಚಾಲೂ. ಬಂದ್ ಮಾಡಬೇಕೆಂದರೆ ನಾವೇ ಅದಕ್ಕೆ ಫೋನ್ ಮಾಡಿ ಎರಡನ್ನು ಒತ್ತಬೇಕು. ಆ ಪೆಟ್ಟಿಗೆ ಒಂದೇ ಒಂದು ನಂಬರಿನ ಮಾತು ಕೇಳುತ್ತದೆ. ಬೇರೆ ಯಾರ ಫೋನಿನಿಂದ ಮಾಡಿದರೂ ಕ್ಯಾರೇ ಅನ್ನುವುದಿಲ್ಲ.

ಮೊದಲ ವರ್ಷ ಆ ನಂಬರು ಅಪ್ಪನದೇ ಇತ್ತು. ಅಪ್ಪನಿಗೆ ಕುಷ್ಟಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಗಿರಾಕಿಗಳ ನಡುವೆ ಫೋನ್ ಬರುವುದು, ಇವನು ಮಾತು ನಿಲ್ಲಿಸದೆಯೇ ಒಂದು ಒತ್ತಿ ಫೋನನ್ನು ಕಿಸೆಗೆ ಹಾಕುವುದು, ಆಮೇಲೆ ಬಂದ್ ಮಾಡಲು ಮರೆಯುವುದು. ಕೊನೆಗೆ ಬೇಸತ್ತು ಅವ್ವನಿಗೊಂದು ಫೋನ್ ಕೊಡಿಸಿ ಪೆಟ್ಟಿಗೆಗೆ ಅವಳ ನಂಬರ್ ಹಾಕಿಸಿದ. ಅಪ್ಪನಿಗೆ ಅದು ಒಂದು ಕಿರಿಕಿರಿ ತಪ್ಪಿದ ಹಾಗೆ. ಅವ್ವನಿಗೆ ಆವತ್ತು ಹೊಲವೇ ಕೈಗೆ ಬಂತು.

ಅದಕ್ಕೂ ಮುಂಚೆ ಅವ್ವ ಕಸ ತೆಗೆದಳು, ಬುತ್ತಿ ಹೊತ್ತಳು, ಕೊಯ್ಲು ಮಾಡಿಸಿದಳು. ಯಾವ ಮಡಿಗೆ ನೀರು, ಯಾವ ಮಡಿಗೆ ನಾಳೆ ಎಂದು ಮಾತ್ರ ಅವಳನ್ನು ಯಾರೂ ಕೇಳಿದವರಲ್ಲ. ಈಗ ಒತ್ತುವ ಬೆರಳೇ ಅವಳದು. ಬೋರ್‌ವೆಲ್ ಪಕ್ಕದ ತುಂಡಿನಲ್ಲಿ ಸೇವಂತಿಗೆ ಹಚ್ಚಿದಳು. ಹೂವು ಹಚ್ಚಿ ಯಾರಿಗೆ ಮಾರುತ್ತೀ ಎಂದು ಅಪ್ಪ ಕೇಳಿದ್ದಕ್ಕೆ, ತಾನೇ ಬಸ್ಸು ಹತ್ತಿ ಕೊಪ್ಪಳದ ಹೂವಿನವರ ಹತ್ತಿರ ಹೋಗಿ ಮಾತಾಡಿ ಬಂದಳು. ಎಲೆ ಅಡಿಕೆಯ ಸಂಚಿಯಲ್ಲೇ ಫೋನು. ಮನೆಗೆ ಯಾರಾದರೂ ಬಂದಾಗ ಅದು ಹೊಡೆದುಕೊಂಡರೆ ಅವಳ ಮುಖ ಅರಳುತ್ತಿತ್ತು. “ಇಲ್ಲೆ ಒತ್ತಿದ್ರ ಅಲ್ಲೆ ನೀರು ಬೀಳತಾವ ನೋಡ್ರಿ” ಎಂದು ಅವರೆದುರೇ ಒತ್ತಿ ತೋರಿಸುತ್ತಿದ್ದಳು. ನನಗೂ ಅದನ್ನು ನೋಡುವುದೆಂದರೆ ಖುಷಿ.

ಆದರೆ ಒಂದು ವಿಚಿತ್ರ ಶುರುವಾಯಿತು. ಅವ್ವನ ಫೋನಿಗೆ ಹಾಕಿಸಿದ ಕರೆನ್ಸಿ ನಿಲ್ಲುತ್ತಲೇ ಇರಲಿಲ್ಲ. ಸೋಮವಾರ ಹಾಕಿಸಿದರೆ ವಾರ ಮುಗಿಯುವುದರೊಳಗೆ ಖಾಲಿ. ಅವ್ವನ ತಂಗಿಯನ್ನು ಗಿಣಿಗೇರಿಗೆ ಕೊಟ್ಟಿದೆ, ಅವಳ ಗಂಡ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅಕ್ಕ ತಂಗಿಯರು ಮಾತಿಗೆ ಕೂತರೆಂದರೆ ಒಲೆಯ ಮೇಲಿನ ಹಾಲು ಅವರ ಪಾಲಿಗಿಲ್ಲ ಎಂದು ಮನೆಯಲ್ಲಿ ಮೊದಲಿಂದ ತಮಾಷೆ. ಹಾಗಾಗಿ ಅಪ್ಪ ಹೆಚ್ಚು ವಿಚಾರ ಮಾಡಲಿಲ್ಲ. ತಾನಾಗಿ ಫೋನ್ ಹಚ್ಚುವುದೇ ಇಲ್ಲ, ತಂಗಿ ಹಚ್ಚಿದಾಗ ಮಾತ್ರ ಮಾತಾಡುತ್ತೇನೆ ಎಂದು ಅವ್ವ ಎಷ್ಟು ಹೇಳಿದರೂ ಅಪ್ಪ ಬೈಯಲಿಲ್ಲ, ನಕ್ಕ. ಹೋದ ಸಲದ ಗೊಬ್ಬರ ಚೆನ್ನಾಗಿರಲಿಲ್ಲ ಎಂದು ಚೌಕಾಸಿ ಮಾಡುವ ಗಿರಾಕಿಯ ಮುಂದೆ ನಗುತ್ತಾನಲ್ಲ, ಆ ನಗು. ಅದನ್ನು ನೋಡಿದರೆ ನನ್ನ ಮೈ ಉರಿಯುತ್ತದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ದಸರಾ ರಜೆ ಬಂತು. ನಾನು ಊರಿಗೆ ಬಂದ ದಿನವೇ ಅನಾಹುತ ಆಗಿಹೋಗಿತ್ತು. ಯಲಬುರ್ಗಾದಲ್ಲಿ ನಮ್ಮ ಬೀಗರ ಮನೆಯ ಸೊಸೆಗೆ ಕುಬಸದ ಕಾರ್ಯ. ಬೆಳಿಗ್ಗೆ ಅವ್ವ ಮೋಟಾರು ಚಾಲೂ ಮಾಡಿ, ಹೊತ್ತು ನೋಡಿ ಅಲ್ಲಿಂದಲೇ ಬಂದ್ ಮಾಡಿದರಾಯಿತೆಂದು ಹೋಗಿದ್ದಾಳೆ. ಅಲ್ಲಿ ಬಸುರಿಗೆ ಉಡಿ ತುಂಬಿ, ಸಂಚಿಯಿಂದ ಫೋನ್ ತೆಗೆದು ಹಚ್ಚಿದರೆ ಕರೆನ್ಸಿ ಇಲ್ಲ. ಹಿಂದಿನ ದಿನವಷ್ಟೇ ಹಾಕಿಸಿದ್ದು. ಬೇರೆಯವರ ಫೋನಿನಿಂದ ಮಾಡಿದರೆ ಪೆಟ್ಟಿಗೆ ಎತ್ತುವುದಿಲ್ಲ. ಕೊನೆಗೆ ಯಾರದೋ ಫೋನ್ ಇಸಿದುಕೊಂಡು ಅಪ್ಪನಿಗೆ ತಿಳಿಸಿ, ಅಪ್ಪ ಅಂಗಡಿಯ ಆಳನ್ನು ಬೈಕಿನಲ್ಲಿ ಓಡಿಸಿ, ಅವನು ಹೋಗಿ ಮೋಟಾರು ಬಂದ್ ಮಾಡುವಷ್ಟರಲ್ಲಿ ಸೇವಂತಿಗೆಯ ತಗ್ಗಿನ ಮಡಿಗಳೆಲ್ಲ ಕೆರೆಯಾಗಿದ್ದವು. ಮೊಗ್ಗು ಬಿಟ್ಟ ಗಿಡಗಳು. ಹಬ್ಬಕ್ಕೆಂದು ಕೊಪ್ಪಳದವರಿಗೆ ಮಾತು ಕೊಟ್ಟ ಹೂವು.

ಸಂಜೆ ಅವ್ವ ಸೀರೆಯ ನಿರಿಗೆ ಕೆಸರು ಮಾಡಿಕೊಂಡು ಮಡಿಯ ಒಡ್ಡು ಕಡಿದು ನೀರು ಬಿಟ್ಟು, ಮೋಟಾರಿನ ನೀರನ್ನು ಬೇರೆ ತುಂಡಿಗೆ ತಿರುಗಿಸಿ ಬಂದಳು. ಅಪ್ಪ ಊಟಕ್ಕೆ ಕೂತು ಸಮಾಧಾನದಿಂದಲೇ ಹೇಳಿದ.

“ನಾಡಿದ್ದು ಮೆಕ್ಯಾನಿಕ್ ಬರ್ತಾನ. ಮೋಟ್ರಿಗೆ ನನ್ನ ನಂಬರ್ ಹಾಕಿಸ್ತೀನಿ. ನಿನಗ್ಯಾಕ ಬೇಕು ಈ ತ್ರಾಸು.”

ಅವ್ವ ರೊಟ್ಟಿ ಬಡಿಸಿದಳು. ತಾನು ಉಣ್ಣಲಿಲ್ಲ. ಹಸಿವಿಲ್ಲ ಎಂದಳು. ಕೈಗೆ ಬಂದ ಹೊಲ ‘ತ್ರಾಸು’ ಎಂಬ ಒಂದು ಮಾತಿನಲ್ಲಿ ಕೈ ಬಿಟ್ಟು ಹೋಗುತ್ತಿತ್ತು, ಅದೂ ಅವಳು ಮಾಡದ ತಪ್ಪಿಗೆ. ಅಥವಾ ಮಾಡಿದ ತಪ್ಪಿಗೋ, ನನಗೂ ಆಗ ಖಾತ್ರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಗೂಡಿನಲ್ಲಿಟ್ಟ ಫೋನು ಹೊಡೆದುಕೊಂಡಿತು. ನಾನು ಏಳುವ ಮುಂಚೆಯೇ ಅವ್ವ ಹಿಟ್ಟಿನ ಕೈಯಲ್ಲೇ ಅದನ್ನು ಎತ್ತಿ ಕಿವಿಗಿಟ್ಟು, ಒಳಗಿನ ಹೆಣ್ಣುದನಿ “ನಮಸ್ಕಾರ” ಎನ್ನುತ್ತಲೇ ಹೆಬ್ಬೆರಳಿನಿಂದ ಒಂದು ಒತ್ತಿ, ಫೋನನ್ನು ಗೂಡಿಗೆ ಹಾಕಿ ಮತ್ತೆ ರೊಟ್ಟಿಗೆ ಕೈ ಹಚ್ಚಿದಳು. ಎಲ್ಲ ಒಂದು ಉಸಿರಿನಲ್ಲಿ. ಪೂರ್ತಿ ಮಾತು ಕೇಳುತ್ತ ಕೂತರೆ ಅಷ್ಟರಲ್ಲಿ ಕರೆಂಟು ಹೋಗಿಬಿಡುತ್ತದೆ, ಅದಕ್ಕೆ ಅವಳಿಗೆ ಆ ಅವಸರ.

ಎರಡು ರೊಟ್ಟಿ ಬೇಯುವುದರೊಳಗೆ ಮತ್ತೆ ಫೋನು. ಮತ್ತೆ ಎತ್ತಿದಳು, ಮತ್ತೆ ಒತ್ತಿದಳು.

ಈಗಷ್ಟೇ ಒತ್ತಿದೆಯಲ್ಲ, ಮತ್ತೆ ಯಾಕೆ ಎಂದು ಕೇಳಿದೆ.

“ದಿನಾ ಹಿಂಗ. ಎರಡೆರಡು ಸಲ ಹೇಳತಾಳ, ಒಮ್ಮೊಮ್ಮೆ ಮೂರು ಸಲ. ಆಕಿಗೂ ಮರವು ಬಂದೈತಿ” ಎಂದು ಅವ್ವ ರೊಟ್ಟಿ ತಿರುವಿದಳು.

ನನಗೆ ನಗು ಬಂತು, ಆಮೇಲೆ ನಗು ಅರ್ಧಕ್ಕೇ ನಿಂತಿತು. ಮೋಟಾರಿಗೆ ಮರೆವು ಹೇಗೆ ಬರುತ್ತದೆ? ಚಹಾದ ಬಟ್ಟಲು ಬಿಟ್ಟು ಫೋನ್ ತೆಗೆದುಕೊಂಡೆ. ಎರಡನೆಯ ಸಲ ಬಂದದ್ದು ಮೋಟಾರಿನ ನಂಬರು. ಮೊದಲನೆಯದು ಅಲ್ಲ. ಅದು ಬರೀ ನಾಲ್ಕೈದು ಅಂಕಿಗಳ ಮೊಟಕು ನಂಬರು, ಫೋನ್ ಕಂಪನಿಯದು. ಮೆಸೇಜುಗಳನ್ನು ತೆರೆದೆ. ತುಂಬಿ ತುಳುಕುತ್ತಿದ್ದವು, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಅವ್ವನಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ.

ಅದರಲ್ಲಿ ಕ್ರಿಕೆಟ್ ಸ್ಕೋರಿತ್ತು. ಯಾರದೋ ರಾಶಿಯ ಭವಿಷ್ಯವಿತ್ತು. ಹೊಟ್ಟೆ ಕರಗಿಸುವ ಉಪಾಯವಿತ್ತು. ದಿನಕ್ಕೊಂದು ಪ್ರೇಮ ಸಲಹೆಯಿತ್ತು. ಒಂದೊಂದರ ಹಿಂದೆಯೂ ‘ನಮ್ಮ ಸೇವೆ ಕೋರಿದ್ದಕ್ಕೆ ಧನ್ಯವಾದ, ನಿಮ್ಮ ಖಾತೆಯಿಂದ ಇಷ್ಟು ಕಡಿತವಾಗಿದೆ’ ಎಂಬ ಇನ್ನೊಂದು ಮೆಸೇಜು. ನಾನು ಕೂತಲ್ಲಿಂದ ಜಿಗಿದು ಎದ್ದೆ. ಕಳ್ಳಿ ಸಿಕ್ಕಳು ಎಂದು ಕೂಗಿದ್ದು ನೆನಪಿದೆ. ನನ್ನ ಕೂಗಿಗೆ ಹಿತ್ತಲಿನ ಎಮ್ಮೆಯೂ ಬೆದರಿತು.

ಎಲ್ಲ ಬಿಡಿಸಿ ಹೇಳಿದೆ. ಮೋಟ್ರಿನಾಕಿಯೂ ಪುಸ್ತಕದ ಕನ್ನಡದವಳು, ಕಂಪನಿಯವಳೂ ಪುಸ್ತಕದ ಕನ್ನಡದವಳು. ಇಬ್ಬರೂ ನಮಸ್ಕಾರ ಅನ್ನುತ್ತಾರೆ, ಇಬ್ಬರೂ ಒಂದನ್ನು ಒತ್ತಿ ಅನ್ನುತ್ತಾರೆ. ಒಬ್ಬಳಿಗೆ ಒತ್ತಿದರೆ ನೀರು, ಇನ್ನೊಬ್ಬಳಿಗೆ ಒತ್ತಿದರೆ ನಿನ್ನ ಕರೆನ್ಸಿ ಖಾಲಿ. ಅವ್ವ ಮೊದಲು ನಂಬಲಿಲ್ಲ. ಟಿಣ್ ಟಿಣ್ ಎಂದು ಮೆಸೇಜು ಬಂದಾಗಲೆಲ್ಲ ಅವಳು, ಮೋಟ್ರಿನಾಕಿ ನೀರು ಸರಿಯಾಗಿ ಬೀಳುತ್ತಿದೆ ಎಂದು ವರದಿ ಕೊಡುತ್ತಿದ್ದಾಳೆ ಎಂದುಕೊಂಡಿದ್ದಳಂತೆ. ಪ್ರೇಮ ಸಲಹೆಯನ್ನು ಓದಿ ಕನ್ನಡದಲ್ಲಿ ಹೇಳಿದೆ. ಈ ದಿನ ನಿನ್ನ ಗೆಳತಿಗೆ ಗುಲಾಬಿ ಕೊಟ್ಟು, ಅವಳ ಕಣ್ಣಲ್ಲಿ ಕಣ್ಣಿಟ್ಟು ಮೌನವಾಗಿರು ಎಂದಿತ್ತು ಅದರಲ್ಲಿ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ನಗು ನಿಂತ ಮೇಲೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು: “ಹಂಗಾರ ನಾ ಮಾತಾಡಿ ಕಳದಿಲ್ಲ.”

ಇಷ್ಟು ದಿನ ಅಪ್ಪನ ನಗು ನೋಡಿ ನೋಡಿ ಅವಳಿಗೇ ತನ್ನ ಮೇಲೆ ಅನುಮಾನ ಬಂದುಬಿಟ್ಟಿತ್ತು.

ಮುಂದೆ ಒಲೆ ಆರಿಸಿದ್ದು, ನಾನು ಹೊಲಕ್ಕೆ ಓಡಿ ಮೋಟಾರು ಬಂದ್ ಮಾಡಿ ಬಂದದ್ದು, ಅವ್ವ ಸೀರೆ ಬದಲಿಸಿದ್ದು, ಟಂಟಂ ಹತ್ತಿ ಕುಷ್ಟಗಿ ಮುಟ್ಟಿದ್ದು ಎಲ್ಲ ಒಂದು ಗಾಳಿಯಲ್ಲಿ ನಡೆಯಿತು. ನೇರ ಕಂಪನಿಯ ಅಂಗಡಿಗೆ ನುಗ್ಗುವುದು ನನ್ನ ಆಲೋಚನೆ. ಅವ್ವ ಒಪ್ಪಲಿಲ್ಲ. ಅಪ್ಪನೂ ಬರಬೇಕು, ಎದುರಿಗೆ ನಿಂತು ಕೇಳಬೇಕು ಎಂದಳು. ವ್ಯಾಪಾರದ ಹೊತ್ತಿನಲ್ಲಿ ಅಪ್ಪ ಅಂಗಡಿ ಬಿಟ್ಟು ಏಳುವವನಲ್ಲ. ಆವತ್ತು ಅವ್ವನ ಮುಖ ನೋಡಿ ಎದ್ದ. ಆಳಿಗೆ ಗಲ್ಲಾಪೆಟ್ಟಿಗೆ ನೋಡಿಕೋ ಎಂದು ಹೇಳಿ, ಈ ತಮಾಷೆಯನ್ನೂ ನೋಡಿಬಿಡೋಣ ಎಂದು ಅದೇ ನಗು ನಗುತ್ತ ಹಿಂದೆ ಬಂದ.

ಕಂಪನಿಯ ಅಂಗಡಿಯಲ್ಲಿ ಸಾಲು ದೊಡ್ಡದಿತ್ತು. ಸುತ್ತಲಿನ ಹಳ್ಳಿಗಳಿಂದ ಸಿಮ್ ಮಾಡಿಸಲು, ಕರೆನ್ಸಿ ಹಾಕಿಸಲು ಬಂದವರು. ನನ್ನ ಸರದಿ ಬರುವತನಕ ಹೇಗೋ ಬಾಯಿ ಕಟ್ಟಿಕೊಂಡೆ. ಮೇಜಿನ ಹಿಂದಿದ್ದ ತರುಣ ಅವ್ವನ ನಂಬರನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದ. ಎಲ್ಲ ಸೇವೆಗಳನ್ನೂ ಅವ್ವನೇ ಕೇಳಿ ಹಾಕಿಸಿಕೊಂಡಿದ್ದಾಳೆ ಎಂದು ತೋರಿಸುತ್ತಿದೆ ಎಂದ. ಪಾಪ, ಅವನು ಒರಟನಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದ.

“ಅಮ್ಮಾರ, ಒಂದು ಒತ್ತಿದವರು ನೀವ ಅದೀರಿ. ಒತ್ತಿದ್ರ ಒಪ್ಪಿಗಿ ಕೊಟ್ಟಂಗ್ರಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಒತ್ತು ಅಂದ್ಲು, ಒತ್ತೀನಿ. ನಮ್ಮನ್ಯಾಗ ಒತ್ತಿದ್ರ ನೀರು ಬರ್ತಾವ. ನಿನ್ನ ರೊಕ್ಕ ತಗೋತೀವಿ, ತಗೋಬೇಕೋ ಬ್ಯಾಡೋ ಅಂತ ನನ್ನ ಒಂದು ಮಾತು ಕೇಳಿದ್ರೇನಪಾ ನೀವು?”

ಅದನ್ನೂ ಕೊನೆಯಲ್ಲಿ ಹೇಳಿರುತ್ತಾರೆ, ನೀವು ಪೂರ್ತಿ ಕೇಳಿಸಿಕೊಳ್ಳಬೇಕಿತ್ತು ಎಂದು ಆ ತರುಣ ತೊದಲಿದ. ಆಗ ಅಪ್ಪನಿಗೆ ವ್ಯಾಪಾರಸ್ಥರ ಅಭಿಮಾನ ಉಕ್ಕಿತೋ ಏನೋ, ಮುಂದೆ ಬಂದು ಅವನ ಪರವಾಗಿ ನಿಂತ. ಈ ಹುಡುಗನದೇನು ತಪ್ಪಿದೆ, ಯಾರು ಏನು ಹೇಳುತ್ತಿದ್ದಾರೆ ಎಂದು ಕೇಳದೆ ಒತ್ತಿದರೆ ಯಾರಿಗೆ ತಾನೇ ಏನು ಮಾಡಲು ಬರುತ್ತದೆ, ಫೋನು ಕೈಯಲ್ಲಿ ಹಿಡಿದವರಿಗೆ ಅಷ್ಟು ಎಚ್ಚರ ಬೇಡವೇ ಎಂದು ಶುರು ಮಾಡಿದ. ಹೆಂಗಸರ ಕೈಗೆ ಕೊಟ್ಟರೆ ಹೀಗೇ ಎಂದೂ ಸೇರಿಸಿದ.

ಅಷ್ಟರಲ್ಲಿ ಅವನ ಅಂಗಿಯ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು.

ಅಪ್ಪ ಮಾತು ನಿಲ್ಲಿಸಲಿಲ್ಲ. ಎಡಗೈಯಿಂದ ಫೋನ್ ತೆಗೆದ, ಕಿವಿಗೆ ಹಿಡಿದ, ಹೆಬ್ಬೆರಳಿನಿಂದ ಒಂದು ಒತ್ತಿದ, ಕಿಸೆಗೆ ಹಾಕಿದ. ಎಚ್ಚರದ ಬಗ್ಗೆ ಅವನು ಹೇಳುತ್ತಿದ್ದ ಮಾತು ಎಲ್ಲೂ ತುಂಡಾಗಲಿಲ್ಲ. ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಮೇಜಿನ ಹಿಂದಿನ ತರುಣನ ಬಾಯಿ ಅರ್ಧ ತೆರೆದೇ ಇತ್ತು.

“ಯಾರದು ಫೋನ್, ಅಪ್ಪಾ?” ಎಂದು ಕೇಳಿದೆ.

“ಯಾರದಲ್ಲ, ಮೋಟ್ರು...” ಎಂದವನು ಅಲ್ಲೇ ನಿಂತ.

ಮೋಟಾರು ಅವನಿಗೆ ಫೋನ್ ಮಾಡುವುದನ್ನು ಬಿಟ್ಟು ವರ್ಷ ದಾಟಿತ್ತು.

ನನ್ನ ಜೀವಮಾನದಲ್ಲಿ ನಾನು ಅಷ್ಟು ಖುಷಿಪಟ್ಟ ಗಳಿಗೆಗಳು ಕಡಿಮೆ. ಕುಣಿಯುವುದೊಂದು ಬಾಕಿ. ಅಪ್ಪನ ನಂಬರನ್ನೂ ಕಂಪ್ಯೂಟರಿನಲ್ಲಿ ಹಾಕಿಸಿದೆ. ಅಪ್ಪ ಎಂದೂ ನೋಡದ ಕ್ರಿಕೆಟ್ಟಿನ ಸ್ಕೋರು, ಅದರ ಜೊತೆಗೆ ಹೆಂಗಸರಿಗಾಗಿ ಮುಖದ ಕಾಂತಿ ಹೆಚ್ಚಿಸುವ ದಿನಕ್ಕೊಂದು ಸಲಹೆ. ಅವನ ಫೋನಿನ ಕರೆನ್ಸಿಯೂ ಅವ್ವನದಕ್ಕಿಂತ ಜೋರಾಗಿ ಕರಗುತ್ತಿತ್ತು. ಆದರೆ ತನ್ನದು ಕರಗಿದರೆ ವ್ಯಾಪಾರ, ಅವ್ವನದು ಕರಗಿದರೆ ಗಿಣಿಗೇರಿಯ ತಂಗಿ ಎಂದು ಅವನ ತಲೆಯಲ್ಲಿ ಕೂತಿತ್ತು.

ಅಪ್ಪ ತಲೆ ಕೆರೆದುಕೊಂಡ. ಆ ಗಿರಾಕಿ ನಗು ಎಲ್ಲಿ ಹೋಯಿತೋ. ಹಿಂದೆ ಸಾಲಿನಲ್ಲಿದ್ದ ಹನುಮಸಾಗರ ಕಡೆಯ ರೈತರೊಬ್ಬರು ತಮ್ಮ ಫೋನನ್ನು ಮೇಜಿನ ಮೇಲಿಟ್ಟು, ನಮ್ಮದೂ ಮೋಟರ್ ಡಬ್ಬಿ ಇದೆ, ನಮ್ಮದೂ ಒಂದಿಷ್ಟು ನೋಡಿ ಎಂದರು. ಅವರ ಹಿಂದೆ ಇನ್ನೊಬ್ಬರು. ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಇದ್ದವರೆಲ್ಲರ ಹೆಬ್ಬೆರಳೂ ಅದೇ ಪಾಠ ಕಲಿತಿತ್ತು. ಒಬ್ಬ ಅಜ್ಜನ ಫೋನಿನಲ್ಲಿ ಕಾಲೇಜು ಹುಡುಗರ ನಗೆಹನಿಗಳು ಬರುತ್ತಿದ್ದವು. ಅಂಗಡಿ ತುಂಬ ಗದ್ದಲ, ನಗು, ಬೈಗುಳ. ನಾನಂತೂ ಒಬ್ಬೊಬ್ಬರ ಫೋನನ್ನೂ ಇಸಿದುಕೊಂಡು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ.

ಈ ಸೇವೆಗಳನ್ನು ತೆಗೆಸಲು ಕಂಪನಿಯ ಇನ್ನೊಂದು ನಂಬರಿಗೆ ಫೋನ್ ಮಾಡಬೇಕಂತೆ. ತರುಣ ಅವ್ವನ ಫೋನಿನಿಂದಲೇ ಹಚ್ಚಿ ಅವಳ ಕೈಗೆ ಕೊಟ್ಟ. ಒಳಗಿನಿಂದ ಅದೇ ನಯವಾದ ದನಿ ರದ್ದುಗೊಳಿಸಲು ಒಂದನ್ನು ಒತ್ತಿ ಎಂದಿತು. ಅವ್ವ ಬೆಂಕಿ ಮುಟ್ಟಿದವಳ ಹಾಗೆ ಫೋನನ್ನು ಮೇಜಿನ ಮೇಲೆ ಇಟ್ಟು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಬೇಕಾದರೆ ನೀನೇ ಒತ್ತು, ನಾನು ಮುಟ್ಟುವುದಿಲ್ಲ ಎಂದಳು. ಅವನೇ ಒತ್ತಿದ. ಆಮೇಲೆ ಮಿಕ್ಕವರೂ ಹಾಗೇ ಕೈ ಕಟ್ಟಿ ನಿಂತರು. ಮಧ್ಯಾಹ್ನದವರೆಗೆ ಅವನ ಹೆಬ್ಬೆರಳಿಗೆ ಬಿಡುವಿರಲಿಲ್ಲ. ಹೋದ ದುಡ್ಡು ತಿರುಗಿ ಬರಲಿಲ್ಲ, ಆದರೆ ಆವತ್ತಿನಿಂದ ಹೋಗುವುದು ನಿಂತಿತು.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ತಿನ್ನಲು ಕೂತೆವು. ನನ್ನ ಬಾಯಿ ಇನ್ನೂ ನಿಂತಿರಲಿಲ್ಲ. ಮುಖದ ಕಾಂತಿ ಹೇಗಿದೆ ಎಂದು ಅಪ್ಪನನ್ನು ಕೆಣಕುತ್ತಿದ್ದೆ. ಅಪ್ಪನೂ ಈಗ ನಿಜವಾದ ನಗು ನಗುತ್ತಿದ್ದ. ಅವ್ವ ಮಾತ್ರ ಮಂಡಕ್ಕಿಯನ್ನು ಬೆರಳಿನಿಂದ ಅತ್ತಿತ್ತ ಮಾಡುತ್ತ ಕೂತಿದ್ದಳು. ಆಮೇಲೆ ತಲೆ ಎತ್ತದೆ ಹೇಳಿದಳು.

“ಅವ್ರು ನನ್ನ ಕೇಳಲಿಲ್ಲ ಅಂತ ಜಗಳಾಡಿ ಬಂದ್ವಿ. ನೀವಾರ ಕೇಳಿದ್ರೇನ್ರಿ?”

ಅಪ್ಪ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಯಲ್ಲಿಟ್ಟ. ಗಿರಾಕಿಗಳು ಕಾಯುತ್ತಿರುತ್ತಾರೆ ಎಂದು ಎದ್ದು ಅಂಗಡಿಗೆ ಹೋದ. ನನಗೆ ಮತ್ತೆ ಸಿಟ್ಟು ಬಂತು. ತಪ್ಪಾಯಿತು ಎನ್ನಲು ಏನು ಧಾಡಿ? ಮೆಕ್ಯಾನಿಕ್‌ಗೆ ಬರಬೇಡ ಎಂದು ಫೋನ್ ಮಾಡುವ ಲಕ್ಷಣವೂ ಕಾಣಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಆ ವಿಷಯ ಎತ್ತಲಿಲ್ಲ. ಅವ್ವನೂ ಎತ್ತಲಿಲ್ಲ. ನಾನು ಇಬ್ಬರನ್ನೂ ದುರುಗುಟ್ಟಿ ನೋಡುತ್ತ ಉಂಡೆದ್ದೆ.

ಮೆಕ್ಯಾನಿಕ್ ಹೇಳಿದ ದಿನವೇ ಬಂದ. ಅಪ್ಪ ಅಂಗಡಿಗೆ ಹೋಗದೆ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನಾನು ಬಾಗಿಲಲ್ಲಿ ಜಗಳಕ್ಕೆ ತಯಾರಾಗಿಯೇ ನಿಂತಿದ್ದೆ. ಅವ್ವ ಒಳಗೆ ಹಿಟ್ಟು ನಾದುತ್ತಿದ್ದಳು, ಆದರೆ ನಾದುವ ಸದ್ದು ನಿಂತಿದ್ದು ನನಗೆ ಗೊತ್ತಾಯಿತು. ಮೆಕ್ಯಾನಿಕ್ ಚಹಾ ಕುಡಿದು, ಚೀಲದಿಂದ ಸಾಮಾನು ತೆಗೆದು, ಪೆಟ್ಟಿಗೆಗೆ ಯಾವ ನಂಬರ್ ಹಾಕಬೇಕು ಯಜಮಾನರೇ ಎಂದು ಅಪ್ಪನನ್ನು ಕೇಳಿದ.

ಅಪ್ಪ ಅಡುಗೆಮನೆಯ ಕಡೆ ಕೈ ತೋರಿಸಿದ.

“ನನ್ನ ಯಾಕ ಕೇಳ್ತಿ? ಮೋಟ್ರು ಆಕೀದು. ಆಕಿನ್ನ ಕೇಳು.”

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಇಂಗ್ಲಿಷ್ ಅಕ್ಷರ ಓದಲು ಬಾರದ ಅವ್ವ ತನ್ನ ಫೋನ್ ನಂಬರನ್ನು ಒಂದಂಕಿ ತಪ್ಪದೆ ಗಟ್ಟಿಯಾಗಿ ಹೇಳಿದಳು. ಹಾಗೆಯೇ, ಒತ್ತುವುದಕ್ಕೆ ಕಂಪನಿಯವಳು ಒತ್ತಿಸುವ ಆ ಒಂದು ಬೇಡ, ಐದು ಮಾಡು ಎಂದಳು. ಪೆಟ್ಟಿಗೆಯಲ್ಲಿ ಹಾಗೆ ಬದಲಿಸಲು ಬರುತ್ತದೆ, ಆದರೆ ಒಳಗಿನ ಹೆಂಗಸಿನ ಮಾತು ಬದಲಿಸಲು ಬರುವುದಿಲ್ಲ, ಅವಳು ಒಂದನ್ನು ಒತ್ತಿ ಎಂದೇ ಹೇಳುತ್ತಿರುತ್ತಾಳೆ ಎಂದು ಮೆಕ್ಯಾನಿಕ್ ಎಚ್ಚರಿಸಿದ.

“ಆಕಿ ಏನರ ಹೇಳಲಿ. ನಾ ಒತ್ತೂದು ನನಗ ಗೊತ್ತೈತಿ” ಎಂದಳು ಅವ್ವ.

ಮಧ್ಯಾಹ್ನ ಕರೆಂಟು ಬಂತು. ಸಂಚಿಯಲ್ಲಿ ಫೋನು ಹೊಡೆದುಕೊಂಡಿತು. ಅವ್ವ ಅದನ್ನು ಕಿವಿಗಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಅಪ್ಪ, ನಾನು ಇಬ್ಬರೂ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆವು. ಅವಳಿಗೆ ಅವಸರವಿರಲಿಲ್ಲ. ಮೋಟ್ರಿನಾಕಿ ನಮಸ್ಕಾರದಿಂದ ಹಿಡಿದು ಕೊನೆಯವರೆಗೂ ಹೇಳಿ ಮುಗಿಸುವತನಕ ಕೇಳಿಸಿಕೊಂಡಳು, ಆಮೇಲೆ ಐದನ್ನು ಒತ್ತಿದಳು.